ಸಣ್ಣ ಇಂಟರ್ನೆಟ್ ರೇಡಿಯೋಕ್ಕ ಹಾಡಿನ ಲೈಸೆನ್ಸ್ ಎಲ್ಲಿ ತಗೋಬೇಕು, ಎಷ್ಟು ಖರ್ಚು ಬರ್ತೈತ್ರಿ?

ಬೆಟಗೇರಿ_ಹುಡುಗ (ಗದಗ)

ಎಲ್ಲಾರಿಗೂ ನಮಸ್ಕಾರ್ರಿ. ನಾವು ಗದಗ-ಬೆಟಗೇರಿಯ ಮೂರ್ನಾಲ್ಕು ಮಂದಿ ದೋಸ್ತರು ಸೇರಿ ಒಂದು ಸಣ್ಣ ಇಂಟರ್ನೆಟ್ ರೇಡಿಯೋ ಶುರು ಮಾಡಬೇಕಂತ ಮಾಡೀವಿ. ಎಫ್‌ಎಂ ಅಲ್ರಿ, ಬರೇ ನೆಟ್ ಮ್ಯಾಲೆ, ಮೊಬೈಲ್‌ನಾಗ ಲಿಂಕ್ ಒತ್ತಿದ್ರ ಹಾಡು ಬರಬೇಕು ಅಷ್ಟ. ನಮ್ಮ ಕಡೆ ಮಂದಿ ಪುಣೆ, ಗೋವಾ, ಬೆಂಗಳೂರು, ದುಬೈ ಅಂತ ದುಡಿಯಾಕ ಹೋಗ್ಯಾರ, ಒಂದಿಬ್ಬರು ಅಮೇರಿಕಾದಾಗೂ ಅದಾರ, ಅವರಿಗೆಲ್ಲಾ ಊರಿನ ದನಿ ಕೇಳಿಸಬೇಕು ಅನ್ನೂ ಆಸೆ. ಮುಂಜಾನೆ ವಚನ ಮತ್ತ ಭಜನಿ ಪದ, ಮಧ್ಯಾಹ್ನ ಹಳೇ ಸಿನಿಮಾ ಹಾಡು, ಸಂಜಿಗೆ ನಮ್ಮ ಭಾಗದ ಹಿಂದೂಸ್ತಾನಿ ಸಂಗೀತ, ರಾತ್ರಿ ರಂಗಗೀತೆ, ತತ್ವಪದ, ಹಿಂಗ ಲೆಕ್ಕ ಹಾಕೀವಿ.

ಮಷೀನು, ಮೈಕು, ಸಾಫ್ಟ್‌ವೇರ್ ಎಲ್ಲಾ ಹೆಂಗೋ ಆಕ್ಕೈತಿ, ಆದ್ರ ಲೈಸೆನ್ಸ್ ವಿಚಾರಕ್ಕ ಬಂದ್ರ ತಲಿ ಕೆಟ್ಟು ಹೋಗೈತ್ರಿ. ಒಬ್ಬರು ಐಪಿಆರ್‌ಎಸ್ ಅಂತ ಹಾಡು ಬರದವರ, ರಾಗ ಹಾಕಿದವರ ಹಕ್ಕಿನ ಸಂಸ್ಥೆದು ಒಂದು ತಗೊಂಡ್ರ ಸಾಕು ಅಂತಾರ, ಇನ್ನೊಬ್ಬರು ಆಡಿಯೋ ಕಂಪನಿಗಳ ಪರ ರೆಕಾರ್ಡಿಂಗ್ ಲೈಸೆನ್ಸ್ ಕೊಡೂ ಪಿಪಿಎಲ್‌ನೂ ಬೇಕು ಅಂತಾರ, ಮತ್ತೊಬ್ಬರು 31ಡಿ ಅಂತ ಕಾನೂನು ಐತಿ, ನೋಟಿಸ್ ಕೊಟ್ಟು ಇಷ್ಟು ರೊಕ್ಕ ಕಟ್ಟಿದ್ರ ಯಾರ ಹಾಡು ಬೇಕಾದ್ರೂ ಹಾಕಬಹುದು ಅಂದ್ರು. ನೆಟ್‌ನಾಗ ಹುಡುಕಿದ್ರ ಹೊರದೇಶದ ಕೆಲವು ಸರ್ವಿಸ್ ಸಿಗ್ತಾವು, ತಿಂಗಳಾ ಇಷ್ಟು ಡಾಲರ್ ಕೊಡ್ರಿ, ಮ್ಯೂಸಿಕ್ ಲೈಸೆನ್ಸ್ ಅದರಾಗ ಸೇರೈತಿ ಅಂತ ಬರದಿರ್ತಾರ. ಅದನ್ನ ತಗೊಂಡ್ರ ನಮಗ ಇಲ್ಲಿ ನಡೀತೈತೇನ್ರಿ? ನಮ್ಮ ಕೈಯಾಗ ತಿಂಗಳಿಗೆ ಒಂದು ನಾಲ್ಕು ಸಾವಿರ ರೂಪಾಯಿ ತನಕ ಐತಿ, ಜಾಹೀರಾತು ಸದ್ಯಕ್ಕ ಇಲ್ಲ, ಮುಂದ ನಮ್ಮ ಪ್ಯಾಟಿ ಅಂಗಡಿಯವರು ಕೊಟ್ರ ತಗೋತೀವಿ. ಒಂದ ಸಲಕ್ಕ ಇಪ್ಪತ್ತೋ ಮೂವತ್ತೋ ಮಂದಿ ಕೇಳಿದ್ರ ನಮಗ ಅದ ದೊಡ್ಡದು. ಗೊತ್ತಿದ್ದವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳ್ರಿ, ಶುರು ಮಾಡಿದ ಮ್ಯಾಲೆ ಬಂದ್ ಮಾಡೂ ಪರಿಸ್ಥಿತಿ ಬರಬಾರದು.

---

ಉಣಕಲ್_ಸ್ಟ್ರೀಮರ್ (ಹುಬ್ಬಳ್ಳಿ)

ತಮ್ಮಾ, ಮೊದಲ ಹೊರದೇಶದ ಸರ್ವಿಸ್ ವಿಚಾರ ಹೇಳಿಬಿಡ್ತೀನಿ, ಯಾಕಂದ್ರ ಎಲ್ಲಾರೂ ಅಲ್ಲೇ ಸಿಕ್ಕೋತಾರ.

ಆ ಪೈಕಿ ಹೆಸರಾದದ್ದು ಲೈವ್365. ಅವರು ಲೈಸೆನ್ಸ್ ಸೇರೈತಿ ಅನ್ನೂದು ಸುಳ್ಳಲ್ಲ, ಆದ್ರ ಅದು ಅಮೇರಿಕಾ, ಕೆನಡಾ, ಇಂಗ್ಲೆಂಡಿನಂಥ ಕೆಲವು ದೇಶದ ಕೇಳುಗರಿಗೆ ಮಾತ್ರ. ಲೈಸೆನ್ಸ್ ಅನ್ನೂದು ನಿನ್ನ ಸರ್ವರ್ ಎಲ್ಲೈತಿ ಅಂತ ನೋಡೂದಿಲ್ಲ, ಕೇಳಾಂವ ಯಾವ ದೇಶದಾಗ ಕುಂತಾನ ಅಂತ ನೋಡ್ತೈತಿ. ಗದಗಿನಾಗ ಕುಂತು ಕೇಳಾಂವಗ, ದುಬೈದಾಗ ಕುಂತು ಕೇಳಾಂವಗ ಆ ಪ್ಯಾಕೇಜ್ ಏನೂ ಉಪಯೋಗ ಇಲ್ಲ. ನಿನ್ನ ಕೇಳುಗರಾಗ ಹೆಚ್ಚಿನವರು ಇಂಡಿಯಾ ಮತ್ತ ಗಲ್ಫ್‌ನವರು, ಹಂಗಾಗಿ ಡಾಲರ್ ಕೊಟ್ಟೂ ಮನಿಯಾಗಿನ ಕೆಲಸ ಮುಗಿಯಂಗಿಲ್ಲ.

ಅಲ್ಲಿ ರೇಟ್ ಹೆಂಗ ಲೆಕ್ಕ ಹಾಕ್ತಾರ ಅನ್ನೂದು ತಿಳ್ಕೊಂಡಿದ್ರ ಚಲೋ. ಅಮೇರಿಕಾದಾಗ ರೆಕಾರ್ಡಿಂಗ್ ಹಕ್ಕಿನ ರೊಕ್ಕ ಸೌಂಡ್‌ಎಕ್ಸ್‌ಚೇಂಜ್ ಅನ್ನೂ ಸಂಸ್ಥೆ ವಸೂಲಿ ಮಾಡ್ತೈತಿ, ರೇಟ್ ಸರ್ಕಾರಿ ಬೋರ್ಡ್ ಗೊತ್ತು ಮಾಡ್ತೈತಿ. ಒಬ್ಬ ಕೇಳುಗ ಒಂದು ಹಾಡು ಕೇಳಿದ್ರ ಒಂದು ಲೆಕ್ಕ. 2021ರಾಗ ಜಾಹೀರಾತು ಮ್ಯಾಲೆ ನಡಿಯೂ ಫ್ರೀ ಸ್ಟೇಷನ್ನಿಗೆ ಅದು 0.0021 ಡಾಲರ್ ಇತ್ತು, ಆಮ್ಯಾಲೆ ಏರಿಕೋತ ಬಂದೈತಿ. ಕಾಣಾಕ ಪೈಸಾದ ಲೆಕ್ಕ, ಆದ್ರ ಗುಣಿಸಿ ನೋಡು. ಮೂವತ್ತು ಮಂದಿ, ತಾಸಿಗೆ 15 ಹಾಡು, ದಿನಕ್ಕ 24 ತಾಸು, ತಿಂಗಳಿಗೆ 720 ತಾಸು, ಒಟ್ಟು 3,24,000 ಲೆಕ್ಕ ಆತು, ಅಂದ್ರ 680 ಡಾಲರ್ ತಿಂಗಳಿಗೆ, ಅದೂ ಹಳೇ ರೇಟಿನಾಗ. ಲಾಭಕ್ಕಲ್ಲದ ಸ್ಟೇಷನ್ ಆಗಿದ್ರ ಅಲ್ಲಿ ಹಗೂರ ಐತಿ, ತಿಂಗಳಿಗೆ 1,59,140 ಕೇಳುಗ-ತಾಸಿನ (ಒಬ್ಬಾಂವ ಒಂದು ತಾಸು ಕೇಳಿದ್ರ ಒಂದು) ತನಕ ಆ ಅವಧಿಯಾಗ ವರ್ಷಕ್ಕ ಒಂದು ಚಾನಲ್‌ಗೆ ಬರೇ 1000 ಡಾಲರ್ ಇತ್ತು, ನಿಂದು 21,600 ಕೇಳುಗ-ತಾಸು ಅಷ್ಟ ಆಕ್ಕೈತಿ. ಆದ್ರ ಇದು ರೆಕಾರ್ಡಿಂಗ್ ಹಕ್ಕು ಒಂದಕ್ಕ, ಹಾಡು ಬರದವರ, ರಾಗ ಹಾಕಿದವರ ಹಕ್ಕಿಗೆ ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್ ಅಂತ ಬ್ಯಾರೆ ಬ್ಯಾರೆ ಸಂಸ್ಥೆ ಅದಾವು.

ರೂಲ್ಸೂ ಐತಿ, ಮೂರು ತಾಸಿನಾಗ ಒಂದ ಆಲ್ಬಮ್ಮಿನ ಮೂರಕ್ಕಿಂತ ಹೆಚ್ಚು ಹಾಡು ಹಾಕಂಗಿಲ್ಲ, ಒಬ್ಬ ಕಲಾವಿದರ ನಾಕಕ್ಕಿಂತ ಹೆಚ್ಚು ಹಾಕಂಗಿಲ್ಲ, ಮುಂದಿನ ಹಾಡು ಯಾವುದು ಅಂತ ಪಟ್ಟಿ ಮುಂಚೇನ ಹೊರಗ ಹಾಕಂಗಿಲ್ಲ. ಸಂಜಿಗೆ ಒಬ್ಬರ ಗವಾಯಿಗಳ ಹಾಡು ಎರಡು ತಾಸು ಹಚ್ಚೂ ಆಸೆ ಇದ್ರ ಅದು ಅಲ್ಲಿಯ ರೂಲ್ಸಿಗೆ ಕುಂದ್ರಂಗಿಲ್ಲ.

ಇನ್ನೊಂದು, ಈ ಸರ್ವಿಸ್ ಮ್ಯಾಲೆ ಪೂರ್ತಿ ಭರವಸೆ ಇಟ್ಟು ಕುಂದ್ರಬ್ಯಾಡ. ಸಣ್ಣ ನೆಟ್ ರೇಡಿಯೋ ನಡಸೂ ಮಂದಿಗೆ ಅಮೇರಿಕಾದಾಗ ಒಂದು ರಿಯಾಯಿತಿ ಒಪ್ಪಂದ ಇತ್ತು, ಅದು 2015ರ ಕೊನೀಗೆ ಮುಗೀತು, 2016ರ ಜನವರಿಗೆ ಲೈವ್365 ಬಾಗಿಲಾ ಹಾಕ್ತು, ಅದರ ಮ್ಯಾಲಿದ್ದ ಸಾವಿರಾರು ಸಣ್ಣ ಸ್ಟೇಷನ್ ಒಮ್ಮೆಲೇ ಬಂದ್. 2017ರಾಗ ಬ್ಯಾರೆ ಮಾಲೀಕರ ಕೈಯಾಗ ಮತ್ತ ಶುರು ಆತು ಅನ್ನೂದು ಖರೆ, ಆದ್ರ ನಡುವ ಹೋದ ಕೇಳುಗರು ಹೋದಂಗ.

ಇಂಡಿಯಾ ಕಾನೂನು ವಕೀಲರು ಹೇಳಲಿ, ನನಗ ಅದರಾಗ ಕೈ ಹಾಕೂದು ಬ್ಯಾಡ.

---

ಕೆಂಪುಮಣ್ಣು (ಹುಬ್ಬಳ್ಳಿ)

ಇಷ್ಟೆಲ್ಲಾ ಯಾಕ್ರಿ, ಯೂಟ್ಯೂಬ್‌ನಾಗ, ವಾಟ್ಸಾಪ್‌ನಾಗ ಎಲ್ಲಾರೂ ಹಾಡು ಹಾಕ್ತಾರ. ನೀವು ರೊಕ್ಕ ತಗೊಳಂಗಿಲ್ಲ, ಜಾಹೀರಾತು ಇಲ್ಲ, ಸೇವಾ ಅಂತ ಮಾಡಾಕತ್ತೀರಿ. ಕೆಳಗ ಕಂಪನಿ ಹೆಸರು ಹಾಕಿ ಕೃಪೆ ಅಂತ ಬರೀರಿ, ಭಕ್ತಿಗೀತೆಗಂತೂ ಯಾರೂ ಕೇಳಂಗಿಲ್ಲ. ಇಪ್ಪತ್ತು ಮಂದಿ ಕೇಳೂ ರೇಡಿಯೋ ಮ್ಯಾಲೆ ಯಾರು ಕೇಸ್ ಹಾಕ್ತಾರ?

---

ಸಾಧನಕೇರಿ_ಓಣಿ (ಧಾರವಾಡ)

ಕೆಂಪುಮಣ್ಣು ಅವರ, ನಿಮ್ಮ ಮನಸ್ಸು ಒಳ್ಳೇದದ, ಆದರ ಈ ಮಾತು ನಂಬಿ ಹುಡುಗ್ರು ತೊಂದ್ರಿಗೆ ಸಿಗಬಾರದು ಅಂತ ಸ್ಪಷ್ಟ ಹೇಳ್ತೀನಿ. ನಾ ಧಾರವಾಡದಾಗ ವಕೀಲಿ ಮಾಡ್ತೀನಿ, ಕಾಪಿರೈಟ್ ಕೆಲಸ ಆಗಾಗ ಬರ್ತದ.

ಲಾಭ ಇಲ್ಲ ಅಂದ ಮಾತ್ರಕ್ಕ ಹಕ್ಕು ಉಲ್ಲಂಘನೆ ಆಗೂದಿಲ್ಲ ಅಂತ ಕಾಪಿರೈಟ್ ಕಾಯ್ದೆಯೊಳಗ ಎಲ್ಲೂ ಇಲ್ಲ. ಸೆಕ್ಷನ್ 63ರ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷ ದಂಡ. ವ್ಯಾಪಾರದ ಲಾಭಕ್ಕ ಮಾಡಿಲ್ಲ ಅಂತ ತೋರಿಸಿದ್ರ ಕೋರ್ಟು ಕಾರಣ ಬರದು ಶಿಕ್ಷಾ ಕಡಿಮಿ ಮಾಡಬಹುದು, ಅಷ್ಟ ರಿಯಾಯಿತಿ. ಕೃಪೆ ಅಂತ ಹೆಸರು ಹಾಕೂದು ಒಪ್ಪಿಗಿ ಆಗೂದಿಲ್ಲ, ಉಲ್ಟಾ ಇದು ಯಾರದು ಅಂತ ನಿಮಗ ಗೊತ್ತಿತ್ತು ಅನ್ನೂದಕ್ಕ ಸಾಕ್ಷಿ ಆಗ್ತದ. ಭಕ್ತಿಗೀತೆ ವಿಚಾರ, ಧಾರ್ಮಿಕ ಸಮಾರಂಭದಾಗ ಮತ್ತ ಮದುವಿ ಮೆರವಣಿಗಿಯೊಳಗ ಹಾಡು ಹಚ್ಚಿದ್ರ ಸೆಕ್ಷನ್ 52ರಾಗ ವಿನಾಯಿತಿ ಅದ, ಆದರ ಅದು ಆ ಸಮಾರಂಭಕ್ಕ ಅಷ್ಟ, 24 ತಾಸು ನೆಟ್ ಮ್ಯಾಲೆ ಬಿಡೂದಕ್ಕ ಅಲ್ಲ. ಈ ಕಡೆಯ ಒಂದು ಸಣ್ಣ ನೆಟ್ ರೇಡಿಯೋದವರಿಗೆ ಒಂದು ಆಡಿಯೋ ಕಂಪನಿಯಿಂದ ನೋಟಿಸ್ ಬಂದು ಅವರು ನನ್ನ ಹತ್ರ ಬಂದಿದ್ರು, ಕೇಳುಗರ ಸಂಖ್ಯಾ ಎಷ್ಟು ಅಂತ ಆ ನೋಟಿಸಿನಾಗ ಯಾರೂ ಕೇಳಿರಲಿಲ್ಲ.

ಈಗ ಗದಗಿನ ತಮ್ಮನ ಪ್ರಶ್ನೆಗೆ ಬರ್ತೀನಿ. ಒಂದು ಸಿನಿಮಾ ಹಾಡಿನ ಮ್ಯಾಲೆ ಎರಡು ಥರದ ಹಕ್ಕು ಇರ್ತಾವ ಅನ್ನೂದು ಮೊದಲ ಮನಸ್ಸಿನಾಗ ಇಟ್ಕೋರಿ. ಒಂದು, ಸಾಹಿತ್ಯ ಮತ್ತ ರಾಗ ಸಂಯೋಜನೆದು. ಇದನ್ನ ಐಪಿಆರ್‌ಎಸ್ ನೋಡ್ಕೋತದ, 1969ರಿಂದ ಇರೋ ಸಂಸ್ಥೆ, ಕಾಯ್ದೆ ಪ್ರಕಾರ 2017ರಾಗ ಮತ್ತ ನೋಂದಣಿ ಆಗ್ಯದ. ಎರಡನೇದು ಧ್ವನಿಮುದ್ರಣದ್ದು, ಅಂದ್ರ ಆ ರೆಕಾರ್ಡಿಂಗ್ ಮಾಡಿಸಿದ ಆಡಿಯೋ ಕಂಪನಿದು. ಐಪಿಆರ್‌ಎಸ್ ತಗೊಂಡ್ರ ಎರಡನೇದು ಬರೂದಿಲ್ಲ. ಎರಡರಾಗ ಒಂದಷ್ಟ ತಗೊಂಡು ಹಾಡು ಹಚ್ಚಿದ್ರ ಅರ್ಧ ಲೈಸೆನ್ಸ್ ಇದ್ದಂಗ, ಅಂದ್ರ ಇಲ್ಲದಂಗ.

ಎರಡನೇ ಹಕ್ಕಿನ ವಿಚಾರದಾಗೇ ಗೊಂದಲ ಇರೂದು. ಪಿಪಿಎಲ್ 2014ರಿಂದ ನೋಂದಾಯಿತ ಕಾಪಿರೈಟ್ ಸೊಸೈಟಿ (ಹಕ್ಕುದಾರರ ಪರ ಲೈಸೆನ್ಸ್ ಕೊಡಲಿಕ್ಕೆ ಸರ್ಕಾರದ ನೋಂದಣಿ ಇರೋ ಸಂಸ್ಥೆ) ಅಲ್ಲ, ಕಂಪನಿಗಳಿಂದ ಹಕ್ಕು ಬರೆಸಿಕೊಂಡು ಲೈಸೆನ್ಸ್ ಕೊಡ್ತದ. 2021ರಾಗ ಆರ್‌ಎಂಪಿಎಲ್ ಅನ್ನೂದು ಧ್ವನಿಮುದ್ರಣಕ್ಕ ಸೊಸೈಟಿ ಅಂತ ನೋಂದಣಿ ಆತು. ಸೊಸೈಟಿ ಅಲ್ಲದವರು ಲೈಸೆನ್ಸ್ ಕೊಡಬಹುದೋ ಇಲ್ಲೋ ಅನ್ನೂ ತಕರಾರು ದಿಲ್ಲಿ ಹೈಕೋರ್ಟಿನಿಂದ 2025ರಾಗ ಸುಪ್ರೀಂ ಕೋರ್ಟಿಗೆ ಹೋಗ್ಯದ. ಅದೂ ಹೋಟೆಲ್, ರೆಸ್ಟೋರೆಂಟಿನೊಳಗ ಹಾಡು ಹಚ್ಚೂ ವಿಚಾರ. ನೋವೆಕ್ಸ್ ಅಂತ ಕೇಳಿರ್ತೀರಿ, ಅವರದೂ ಹೆಚ್ಚಾಗಿ ಹೋಟೆಲ್, ಕಾರ್ಯಕ್ರಮದ ಲೈಸೆನ್ಸ. ಆ ಲೈಸೆನ್ಸ್ ತಗೊಂಡು ನೆಟ್ ರೇಡಿಯೋಕ್ಕ ನಡೀತದ ಅಂತ ತಿಳ್ಕೋಬ್ಯಾಡ್ರಿ. ಕಾಗದದ ಮ್ಯಾಲೆ ಇಂಟರ್ನೆಟ್ ಸ್ಟ್ರೀಮಿಂಗ್ ಅಂತ ಬರದಿರಬೇಕು, ಯಾವ ಯಾವ ಕಂಪನಿ ಹಾಡು ಅಂತ ಪಟ್ಟಿ ಹಚ್ಚಿರಬೇಕು, ಇಲ್ಲಂದ್ರ ರೊಕ್ಕ ಕೊಡಬ್ಯಾಡ್ರಿ.

31ಡಿ ಬಗ್ಗೆ ನಿಮಗ ಹೇಳಿದವರು ಅರ್ಧ ಸರಿ ಹೇಳ್ಯಾರ. 2012ರ ತಿದ್ದುಪಡಿಯೊಳಗ ಬಂದ ಸೆಕ್ಷನ್ ಅದು. ರೇಡಿಯೋ, ಟಿವಿಯವರು ಮುಂಚಿತ ನೋಟಿಸ್ ಕೊಟ್ಟು, ಗೊತ್ತು ಮಾಡಿದ ರಾಯಲ್ಟಿ ಕಟ್ಟಿ ಹಾಡು ಪ್ರಸಾರ ಮಾಡಬಹುದು, ಮಾಲೀಕರು ಬ್ಯಾಡ ಅನ್ನಂಗಿಲ್ಲ. ಎಫ್‌ಎಂನವರಿಗೆ ಇದರಿಂದ ಭಾಳ ಅನುಕೂಲ ಆಗ್ಯದ. ಇದು ಇಂಟರ್ನೆಟ್ಟಿಗೂ ಅನ್ವಯ ಆಗ್ತದ ಅಂತ 2016ರಾಗ ಕೇಂದ್ರ ಸರ್ಕಾರದ ಇಲಾಖಾ ಒಂದು ಟಿಪ್ಪಣಿ ಹೊರಡಿಸಿತ್ತು. ಆದರ ಟಿಪ್ಸ್ ಅನ್ನೂ ಆಡಿಯೋ ಕಂಪನಿ ಮತ್ತ ವಿಂಕ್ ಅನ್ನೂ ಹಾಡಿನ ಆ್ಯಪ್ ನಡುವಿನ ಕೇಸಿನಾಗ ಬಾಂಬೆ ಹೈಕೋರ್ಟು 2019ರಾಗ ಇಲ್ಲ ಅಂತು, 31ಡಿ ಇರೂದು ರೇಡಿಯೋ ಮತ್ತ ಟಿವಿ ಪ್ರಸಾರಕ್ಕ, ನೆಟ್ ಮ್ಯಾಲಿನ ಸ್ಟ್ರೀಮಿಂಗಿಗೆ ಅಲ್ಲ ಅಂತ. 2022ರಾಗ ಅದ ಹೈಕೋರ್ಟಿನ ವಿಭಾಗೀಯ ಪೀಠನೂ ಅದನ್ನ ಎತ್ತಿಹಿಡೀತು. ವಿಂಕ್ ದೊಡ್ಡ ಕಂಪನಿದು, ಹಾಡು ಆರಿಸಿ ಕೇಳೂ ಆ್ಯಪ್ ಆಗಿತ್ತು, ನಮ್ಮದು ರೇಡಿಯೋ ಥರ ನಿರಂತರ ಹರೀತದ ಅಂತ ನೀವು ವಾದ ಮಾಡಬಹುದು, ಅದರಾಗ ಒಂದಿಷ್ಟು ಬಲ ಅದ, ಆದರ ಆ ವಾದ ಮಾಡಲಿಕ್ಕೆ ತಿಂಗಳಾ ನಾಲ್ಕು ಸಾವಿರ ಸಾಲೂದಿಲ್ಲ.

ಹಂಗಾಗಿ ಇವತ್ತಿನ ಪರಿಸ್ಥಿತಿಯೊಳಗ ನೆಟ್ ರೇಡಿಯೋದವರು ಪ್ರತಿಯೊಂದು ಆಡಿಯೋ ಕಂಪನಿ ಹತ್ರ ಹೋಗಿ, ಅವರು ಒಪ್ಪಿ, ಅವರು ಹೇಳಿದ ರೇಟಿಗೆ ಲೈಸೆನ್ಸ್ ತಗೋಬೇಕು. ಕನ್ನಡ ಸಿನಿಮಾ ಹಾಡಿನ ಹಕ್ಕು ಒಂದ ಕಂಪನಿ ಕೈಯಾಗಿಲ್ಲ, ಹತ್ತಾರು ಕಡೆ ಹಂಚಿ ಹೋಗ್ಯಾವ, ಒಂದೊಂದು ಹಕ್ಕು ಒಂದು ಕಂಪನಿಯಿಂದ ಇನ್ನೊಂದಕ್ಕ ಮಾರಾಟನೂ ಆಗ್ಯಾವ. ದೊಡ್ಡ ಕಂಪನಿಗಳು ವರ್ಷಕ್ಕ ಇಷ್ಟು ಮಿನಿಮಮ್ ಗ್ಯಾರಂಟಿ (ಎಷ್ಟ ಮಂದಿ ಕೇಳಲಿ, ಕೊಡಲೇಬೇಕಾದ ರೊಕ್ಕ) ಕೊಡ್ರಿ ಅಂತ ಕೇಳ್ತಾರ, ಅದು ನಿಮ್ಮಂಥವರಿಗೆ ಮುಟ್ಟೂ ಮಾತಲ್ಲ. ಸಣ್ಣ ಸ್ಟೇಷನ್ನಿಗೆ ಒಂದ ಕಿಟಕಿಯೊಳಗ ರೊಕ್ಕ ಕಟ್ಟಿ ಎಲ್ಲಾ ಹಾಡು ಸಿಗೂ ವ್ಯವಸ್ಥಾ ನಮ್ಮ ದೇಶದಾಗಿಲ್ಲ, ಇದು ಖರೇನ ಅನ್ಯಾಯ ಅಂತ ನನಗ ಅನಸ್ತದ. 2010ರಾಗ ಕಾಪಿರೈಟ್ ಬೋರ್ಡು ಎಫ್‌ಎಂನವರಿಗೆ ನಿವ್ವಳ ಜಾಹೀರಾತು ಆದಾಯದ ಶೇಕಡಾ 2 ಅಂತ ರಾಯಲ್ಟಿ ಗೊತ್ತು ಮಾಡಿತ್ತು. ಗಳಿಸಿದ್ರ ಕೊಡು ಅನ್ನೂ ಅಂಥ ಒಂದು ಲೆಕ್ಕ ಸಣ್ಣ ನೆಟ್ ರೇಡಿಯೋಕ್ಕ ಇದ್ದಿದ್ರ ಎಷ್ಟೋ ಊರಾಗ ಇಂಥಾವು ಹುಟ್ತಿದ್ದವು.

ಐಪಿಆರ್‌ಎಸ್ ಮಟ್ಟಿಗೆ ಹೇಳೂದಾದ್ರ, ನೋಂದಾಯಿತ ಸೊಸೈಟಿ ತನ್ನ ಟ್ಯಾರಿಫ್ ಪ್ರಕಟ ಮಾಡಲೇಬೇಕು ಅಂತ ಸೆಕ್ಷನ್ 33ಎ ಅದ. ವೆಬ್‌ಸೈಟಿನಾಗ ಡಿಜಿಟಲ್ ಲೈಸೆನ್ಸಿನ ರೇಟ್ ನೋಡ್ರಿ, ನಮ್ಮದು ಸಣ್ಣ, ಜಾಹೀರಾತಿಲ್ಲದ ನೆಟ್ ರೇಡಿಯೋ ಅಂತ ಸ್ಪಷ್ಟ ಬರದು ಮೇಲ್ ಹಾಕ್ರಿ, ಕೊಟೇಶನ್ ಲಿಖಿತ ತಗೋರಿ. ಜಿಎಸ್‌ಟಿ ಸೇರಿಸಿ ಹೇಳ್ಯಾರೋ ಬಿಟ್ಟು ಹೇಳ್ಯಾರೋ ನೋಡ್ಕೋರಿ.

---

ಹಾವೇರಿ_ಏಲಕ್ಕಿ (ಹಾವೇರಿ)

ಸಾಧನಕೇರಿ ಅಕ್ಕಾರು ಹೇಳಿದ್ದು ನೂರಕ್ಕ ನೂರು ಖರೆ. ನಾನು ಹಾವೇರಿಯಿಂದ ಒಂದು ಸಣ್ಣ ನೆಟ್ ರೇಡಿಯೋ ನಡಸ್ತೀನ್ರಿ, ಒಂದೂ ಸಿನಿಮಾ ಹಾಡಿಲ್ಲ, ಒಂದೂ ಕಂಪನಿ ಕ್ಯಾಸೆಟ್ ಇಲ್ಲ, ಎಲ್ಲಾ ನಾವ ರೆಕಾರ್ಡ್ ಮಾಡಿದ್ದು. ತಮ್ಮಾ, ನಿನಗೂ ನಾ ಇದನ್ನ ಹೇಳಾಂವ. ಹಳೇ ಸಿನಿಮಾ ಹಾಡು ಕೇಳಾಕ ಮಂದಿಗೆ ಫೋನಿನಾಗ ನೂರು ದಾರಿ ಅದಾವು, ಅದಕ್ಕ ನಿನ್ನ ರೇಡಿಯೋ ಯಾರಿಗೂ ಬೇಕಿಲ್ಲ. ನಿಮ್ಮ ಓಣಿ ಭಜನಿ ಮ್ಯಾಳದವರು ಹಾಡಿದ್ದು ಬ್ಯಾರೆ ಎಲ್ಲಿ ಸಿಗ್ತೈತಿ? ದುಬೈದಾಗಿನ ಮನಷ್ಯಾ ತನ್ನ ದೊಡ್ಡಪ್ಪನ ದನಿ ಕೇಳಾಕ ಕುಂದರತಾನ, ಅದು ನಿನ್ನ ಹತ್ರ ಅಷ್ಟ ಇರ್ತೈತಿ.

ಖರ್ಚೂ ಅಲ್ಲೇ ಕಡಿಮಿ. ಷರೀಫಜ್ಜನ ಪದ ತಗೋರಿ, ಅಜ್ಜ ತೀರಿಕೊಂಡಿದ್ದು 1889ರಾಗ, ಪದದ ಮ್ಯಾಲೆ ಈಗ ಯಾರ ಹಕ್ಕೂ ಇಲ್ಲ. ವಚನ, ದಾಸರ ಪದ, ಸೋಬಾನೆ, ಬೀಸೂ ಕಲ್ಲಿನ ಪದ ಎಲ್ಲಾ ಹಂಗ. ಆದ್ರ ಇಲ್ಲೊಂದು ಎಚ್ಚರ ಬೇಕು. ನಾವು ಶಿಗ್ಗಾಂವಿ ಕಡೆ ಒಂದು ಹಳ್ಳಿಯಾಗ ಮ್ಯಾಳದವರ ಪದ ರೆಕಾರ್ಡ್ ಮಾಡಾಕ ಹೋದಾಗ, ಹುಡುಗ್ರು ಕ್ಯಾಸೆಟ್ಟಿನ ಧಾಟಿಯಾಗ ಶುರು ಮಾಡಿದ್ರು, ಸಿ. ಅಶ್ವಥ್ ಅವರು ರಾಗ ಹಾಕಿ ಹಾಡಿದ ಧಾಟಿ ಅದು, ಪದ ಅಜ್ಜಂದ ಆದ್ರೂ ಆ ರಾಗ ಸಂಯೋಜನೆ ಅಶ್ವಥ್ ಅವರದು, ಅದಕ್ಕ ಹಕ್ಕು ಐತಿ. ಹಿಂದ ಕುಂತಿದ್ದ ಒಬ್ಬ ಹಿರಿಯರು ಏಕತಾರಿ ಇಸ್ಕೊಂಡು, ನಮ್ಮಪ್ಪ ಹಿಂಗ ಹಾಡ್ತಿದ್ದ ನೋಡ್ರಿ ಅಂತ ಎಳದು ಎಳದು ನಿಧಾನಕ ಹಾಡಿದ್ರು, ನಡುನಡುವ ದಮ್ಮಡಿ ಅಷ್ಟ, ಹಾರ್ಮೋನಿಯಂ ಕೂಡ ಇಲ್ಲ. ಆ ಧಾಟಿ ನಾನು ಮೊದಲ ಎಲ್ಲೂ ಕೇಳಿರಲಿಲ್ಲ. ಈಗ ನಮ್ಮ ರೇಡಿಯೋದಾಗ ಅತಿ ಹೆಚ್ಚು ಮಂದಿ ಮತ್ತ ಮತ್ತ ಹಾಕ್ರಿ ಅನ್ನೂದು ಅದ ಪದ. ಹಂಗಾಗಿ ಹಳ್ಳಿಗೆ ಹೋದಾಗ ಹಿರ್ಯಾರ ಹತ್ರ ಹಳೇ ಧಾಟಿ ಕೇಳ್ರಿ, ಕಾನೂನಿಗೂ ಚಲೋ, ಕಿವಿಗೂ ಚಲೋ.

ಮತ್ತ ಕಾಗದ ಮಾಡಸ್ರಿ. ಬಾಯಿ ಮಾತಿನಾಗ ಹೂಂ ಅಂದ್ರು ಅಂತ ಬರಬ್ಯಾಡ್ರಿ. ನಾವು ಒಂದ ಪುಟದ ಒಪ್ಪಿಗಿ ಪತ್ರ ಕನ್ನಡದಾಗ ಮಾಡಿಸೀವಿ, ರೆಕಾರ್ಡಿಂಗ್ ಮೊದಲು ಎಲ್ಲಾರ ಮುಂದ ಜೋರಾಗಿ ಓದಿ ಹೇಳ್ತೀವಿ. ಮುಖ್ಯ ಹಾಡಾವರದಷ್ಟ ಸಹಿ ಸಾಲಂಗಿಲ್ಲ, ಹಾರ್ಮೋನಿಯಂ ನುಡಿಸಿದವರು, ತಬಲಾದವರು, ದಮ್ಮಡಿಯವರು, ತಾಳ ಹಿಡದು ಹಿಮ್ಮೇಳ ಹಾಡಿದವರು ಎಲ್ಲಾರದೂ ಬೇಕು, ಅವರೆಲ್ಲಾ ಕಲಾವಿದರ. ಸಹಿ ಬರದವರದು ಹೆಬ್ಬೆಟ್ಟು, ಬಾಜೂಕ ಓದು ಬಲ್ಲವರೊಬ್ಬರ ಸಾಕ್ಷಿ. ಕೈಗೆ ಗೌರವಧನ ಕೊಟ್ಟು ಎಷ್ಟು ಕೊಟ್ವಿ ಅನ್ನೂದನ್ನೂ ಅದರಾಗ ಬರೀತೀವಿ, ಆ ರೆಕಾರ್ಡಿಂಗಿನ ಒಂದು ಪ್ರತಿ ಪೆನ್‌ಡ್ರೈವ್‌ನಾಗ ಅವರಿಗೂ ಕೊಡ್ತೀವಿ. ಕಡಿಮಿ ಆದ್ರೂ ಅಡ್ಡಿಯಿಲ್ಲ, ಬಿಟ್ಟಿ ಮಾತ್ರ ಮಾಡಿಸಬ್ಯಾಡ್ರಿ. ಹಾಡಿ ಹಾಡಿ ಗಂಟಲ ಹರಕೊಂಡ ಮಂದಿ ಅವರು, ಇಷ್ಟು ವರ್ಷ ಅವರ ಹಾಡಿನಿಂದ ರೊಕ್ಕ ಮಾಡಿಕೊಂಡವರು ಬ್ಯಾರೆಯವರ.

---

ಬೆಟಗೇರಿ_ಹುಡುಗ (ಗದಗ)

ಅಣ್ಣಾರ, ಅಕ್ಕಾರ, ಎಲ್ಲಾರಿಗೂ ಭಾಳ ಧನ್ಯವಾದ್ರಿ. ಸಿನಿಮಾ ಹಾಡಿನ ಆಸೆ ಬಿಡ್ತೀವಿ. ಇನ್ನ ಕೆಲವು ಡೌಟ್ ಉಳಿದಾವ್ರಿ. ನಮ್ಮ ಹಿರಿಯರೊಬ್ಬರ ಮನಿಯಾಗ ಹಳೇ ಗ್ರಾಮಫೋನ್ ಪ್ಲೇಟ್ ರಾಶಿ ಅದಾವು, ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನ್ ಸಾಹೇಬರು, ಗಂಗೂಬಾಯಿ ಅಮ್ಮನವರು ಗಾಂಧಾರಿ ಅನ್ನೂ ಹೆಸರಿನಾಗ ಹಾಡಿದ್ದೂ ಐತಿ. ಅವನ್ನ ಹಾಕಬಹುದಾ? ಬೇಂದ್ರೆ ಅಜ್ಜನ ಕವಿತಾ ನಮ್ಮ ಹುಡುಗ್ಯಾರ ಕೈಲೆ ಹೊಸಾ ರಾಗದಾಗ ಹಾಡಿಸಿದ್ರ? ಹಳೇ ಸಿನಿಮಾ ಹಾಡನ್ನ ನಮ್ಮ ಲೋಕಲ್ ಕಲಾವಿದರು ಹಾಡಿದ್ರ ಅದಕ್ಕೂ ಲೈಸೆನ್ಸ್ ಬೇಕೇನ್ರಿ? ಮತ್ತ ಆ ಒಪ್ಪಿಗಿ ಪತ್ರದಾಗ ಏನೇನು ಬರೀಬೇಕು?

---

ಸಾಧನಕೇರಿ_ಓಣಿ (ಧಾರವಾಡ)

ಪ್ಲೇಟಿನ ವಿಚಾರ ಕೇಳಿ ನನಗ ಖುಷಿ ಆತು. ಧ್ವನಿಮುದ್ರಣದ ಹಕ್ಕು ಬಿಡುಗಡೆ ಆದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. 1964ರ ಕೊನೀ ತನಕ ಬಿಡುಗಡೆ ಆದದ್ದೆಲ್ಲಾ 2025ರ ಜನವರಿ 1ಕ್ಕ ಮುಕ್ತ ಆದವು, ಪ್ರತಿ ಹೊಸಾ ವರ್ಷಕ್ಕ ಇನ್ನೊಂದು ವರ್ಷದ್ದು ಸೇರ್ತಾವ. ಕರೀಂ ಖಾನ್ ಸಾಹೇಬರು ತೀರಿಕೊಂಡದ್ದು 1937ರಾಗ, ಸವಾಯಿ ಗಂಧರ್ವರು 1952ರಾಗ, ಗಂಗೂಬಾಯಿಯವರ ಗಾಂಧಾರಿ ಹೆಸರಿನ ಪ್ಲೇಟು 1930ರ ದಶಕದ್ದು. ಹಳೇ ಬಂದಿಶ್ (ಪರಂಪರೆಯಿಂದ ಬಂದ ರಾಗದ ಪದ) ಅದಾವ ಅಂದ್ರ ಇಲ್ಲಿ ಕೇಳುಗರಿಗೆ ಹಾಕಲಿಕ್ಕೆ ಅಡ್ಡಿ ಇಲ್ಲ. ಆದರ ಕಂಪನಿಯವರು ಸೀಡಿ ಮಾಡಿ ಮಾರಿದ್ದನ್ನ ತಗೋಬ್ಯಾಡ್ರಿ, ಆ ಪ್ಲೇಟಿನಿಂದ ನೀವ ಡಿಜಿಟಲ್ ಮಾಡ್ಕೋರಿ, ಪ್ಲೇಟಿನ ಲೇಬಲ್ ಎರಡೂ ಬದಿ ಫೋಟೋ ತಗೊಂಡು ಇಡ್ರಿ. ಭಾವಗೀತೆ, ನಾಟಕದ ಪದ ಇದ್ರ ಮಾತ್ರ ಬರದವರು, ರಾಗ ಹಾಕಿದವರು ಯಾವಾಗ ತೀರಿಕೊಂಡಾರ ಅಂತ ನೋಡಬೇಕು, ಅವರ ಹಕ್ಕು ಅವರು ತೀರಿದ ಮ್ಯಾಲೆ 60 ವರ್ಷ ಬ್ಯಾರೆ ನಡೀತದ.

ಅಮೇರಿಕಾದ ಕೇಳುಗರ ಮಟ್ಟಿಗೆ ಈ ಲೆಕ್ಕ ಬ್ಯಾರೆ. ಅಲ್ಲಿ 2018ರಾಗ ಬಂದ ಕಾಯ್ದೆ ಪ್ರಕಾರ 1923ರಿಂದ 1946ರ ನಡುವಿನ ರೆಕಾರ್ಡಿಗೆ 100 ವರ್ಷ ರಕ್ಷಣಾ ಅದ. 1935ರ ಪ್ಲೇಟು ನಮ್ಮಲ್ಲಿ ಯಾವಾಗೋ ಮುಕ್ತ, ಅಲ್ಲಿ 2035 ಮುಗಿಯೂ ತನಕ ಇಲ್ಲ.

ಬೇಂದ್ರೆಯವರು ತೀರಿಕೊಂಡದ್ದು 1981ರಾಗ. ಅವರ ಕವಿತಾದ ಮ್ಯಾಲಿನ ಹಕ್ಕು 2041ರ ಕೊನೀ ತನಕ ಇರ್ತದ, ಹೊಸಾ ರಾಗ ಹಾಕಿದ್ರೂ ಸಾಹಿತ್ಯಕ್ಕ ಒಪ್ಪಿಗಿ ಬೇಕೇಬೇಕು. ಹಕ್ಕು ಇರೋವರಿಗೆ ಪತ್ರ ಬರೀರಿ, ಯಾವ ಕವಿತಾ, ಎಲ್ಲಿ ಪ್ರಸಾರ, ಎಷ್ಟು ವರ್ಷ ಅಂತ ಗೌರವದಿಂದ ಕೇಳ್ರಿ. ಕೇಳಲಿಕ್ಕೆ ಹಿಂದೇಟು ಹಾಕೋದ್ಯಾಕ?

ಸಿನಿಮಾ ಹಾಡು ನಿಮ್ಮ ಕಲಾವಿದರು ಹಾಡಿದ್ರ ರೆಕಾರ್ಡಿಂಗ್ ನಿಮ್ಮದಾಗ್ತದ, ಆದರ ಸಾಹಿತ್ಯ ಮತ್ತ ರಾಗದ ಹಕ್ಕು ಹಂಗ ಉಳೀತದ. ಕವರ್ ವರ್ಷನ್ನಿಗೆ ಸೆಕ್ಷನ್ 31ಸಿ ಅದ, ಅದರಾಗ ಮೂಲ ರೆಕಾರ್ಡಿಂಗ್ ಆಗಿ ಐದು ವರ್ಷ ಕಳೆದಿರಬೇಕು, ಮತ್ತ ವರ್ಷಕ್ಕ ಕನಿಷ್ಠ 50 ಸಾವಿರ ಪ್ರತಿಗೆ ರಾಯಲ್ಟಿ ಕಟ್ಟಬೇಕು. ಅದು ದೊಡ್ಡ ಕಂಪನಿಗಳ ದಾರಿ, ನಿಮ್ಮದಲ್ಲ.

ಒಪ್ಪಿಗಿ ಪತ್ರದಾಗ ಎರಡು ಮಾತು ಮರೀಬ್ಯಾಡ್ರಿ. ಎಷ್ಟು ವರ್ಷಕ್ಕ ಅಂತ ಬರೀಲಿಲ್ಲ ಅಂದ್ರ ಸೆಕ್ಷನ್ 19 ಅದನ್ನ ಐದೇ ವರ್ಷ ಅಂತ ತಗೋತದ. ಯಾವ ಪ್ರದೇಶಕ್ಕ ಅಂತ ಬರೀಲಿಲ್ಲ ಅಂದ್ರ ಭಾರತದೊಳಗ ಅಷ್ಟ ಅಂತ ಲೆಕ್ಕ. ನಿಮ್ಮ ಕೇಳುಗರು ದುಬೈದಾಗ ಅದಾರ, ಹಂಗಾಗಿ ಜಗತ್ತಿನಾದ್ಯಂತ ಇಂಟರ್ನೆಟ್ ಮೂಲಕ ಅಂತ ಬಾಯಿಬಿಟ್ಟು ಬರೀಬೇಕು, ವರ್ಷನೂ ಬರೀಬೇಕು. ಇದರ ಜೋಡಿ ಹಾಡಿನ ಹೆಸರು, ರೆಕಾರ್ಡ್ ಆದ ತಾರೀಖು ಮತ್ತ ಊರು, ಎಲ್ಲಾ ಕಲಾವಿದರ ಹೆಸರು, ಕೊಟ್ಟ ಗೌರವಧನ, ಮುಂದ ಜಾಹೀರಾತು ಬಂದ್ರ ಅವರಿಗೆ ಪಾಲು ಎಷ್ಟು ಅನ್ನೂದು. ಈ ಕೊನೀದನ್ನ ಈಗಿಂದ ಬರೀರಿ, ರೊಕ್ಕ ಬಂದ ಮ್ಯಾಲೆ ಮಾತಾಡಲಿಕ್ಕೆ ಹೋದ್ರ ಮನಸ್ಸು ಕೆಡ್ತಾವ.

ಆಕಾಶವಾಣಿಯೊಳಗ ಬಂದದ್ದನ್ನ ಯಾರೋ ರೆಕಾರ್ಡ್ ಮಾಡಿ ಇಟ್ಟದ್ದು ನಿಮ್ಮ ಕೈಗೆ ಸಿಗಬಹುದು, ಧಾರವಾಡ ನಿಲಯ 1950ರಿಂದ ಅದ, ಮನಿಮನಿಯೊಳಗ ಅಂಥಾ ಕ್ಯಾಸೆಟ್ ಇರ್ತಾವ. ಆಕಾಶವಾಣಿಯಿಂದ ಲಿಖಿತ ಒಪ್ಪಿಗಿ ಸಿಗೂ ತನಕ ಅವನ್ನ ಪ್ರಸಾರಕ್ಕ ತಗೋಬ್ಯಾಡ್ರಿ.

---

ಉಣಕಲ್_ಸ್ಟ್ರೀಮರ್ (ಹುಬ್ಬಳ್ಳಿ)

ಅಮೇರಿಕಾ ವಿಚಾರಕ್ಕ ಪರಿಹಾರ ಐತಿ. ಅಝುರಾಕಾಸ್ಟ್ ಅಂತ ಫ್ರೀ ಸಾಫ್ಟ್‌ವೇರ್ ಐತಿ, ನಿನ್ನ ಸರ್ವರಿನಾಗ ಹಾಕ್ಕೊಂಡ್ರ ಸ್ಟೇಷನ್ನಿಗೆ ದೇಶ ನೋಡಿ ಬ್ಲಾಕ್ ಮಾಡೂ ಸೆಟ್ಟಿಂಗ್ ಸಿಗ್ತೈತಿ. ಎರಡು ಸ್ಟೇಷನ್ ಮಾಡು, ಒಂದರಾಗ ನಿಮ್ಮ ಸ್ವಂತ ರೆಕಾರ್ಡಿಂಗ್, ಅದು ಎಲ್ಲಾ ದೇಶಕ್ಕ. ಇನ್ನೊಂದರಾಗ ಹಳೇ ಪ್ಲೇಟು, ಅದನ್ನ ಇಂಡಿಯಾಕ್ಕ ಮಾತ್ರ ಬಿಡು. ಯಾವ ಹಾಡು ಯಾವಾಗ ಹೋತು, ಎಷ್ಟು ಮಂದಿ ಕೇಳಿದ್ರು ಅನ್ನೂ ಲಾಗ್ ಅದ ಇಡ್ತೈತಿ, ತಿಂಗಳಾ ಒಮ್ಮೆ ಡೌನ್‌ಲೋಡ್ ಮಾಡಿ ಒಪ್ಪಿಗಿ ಪತ್ರದ ಸ್ಕ್ಯಾನ್ ಜೋಡಿ ಒಂದ ಫೋಲ್ಡರಿನಾಗ ಇಡು. ಯಾರರ ನೋಟಿಸ್ ಕಳಿಸಿದ್ರ ಅವತ್ತ ಉತ್ತರ ಕೊಡಾಕ ಬರ್ತೈತಿ.

ಖರ್ಚಿನ ಲೆಕ್ಕ. ಹಾಡು, ಮಾತಿಗೆ ಎಎಸಿ ಪ್ಲಸ್ (ದನಿ ಕುಗ್ಗಿಸಿ ಕಳಿಸೂ ನಮೂನಿ) 64 ಕೆಬಿಪಿಎಸ್ ಸಾಕು, ಒಬ್ಬ ಕೇಳುಗನಿಗೆ ತಾಸಿಗೆ 28.8 ಎಂಬಿ ಹೋಗ್ತೈತಿ. ಮೂವತ್ತು ಮಂದಿ ತಿಂಗಳಿಡೀ ಒಂದ ಸವನ ಕೇಳಿದ್ರೂ 622 ಜಿಬಿ. ತಿಂಗಳಿಗೆ ಒಂದು ಟಿಬಿ ಡೇಟಾ ಕೊಡೂ ಸಣ್ಣ ವಿಪಿಎಸ್ (ಬಾಡಿಗಿ ಸರ್ವರ್) ಸಾವಿರ ರೂಪಾಯಿ ಒಳಗ ಸಿಗ್ತಾವು. 128 ಇಟ್ರ ಡಬಲ್ ಆಕ್ಕೈತಿ, ಹಳ್ಳಿ ಕಡೆ ನೆಟ್ವರ್ಕಿಗೆ ಸುಮ್ಮನ ನಿಂತು ನಿಂತು ಬರ್ತೈತಿ, ಬ್ಯಾಡ. ಲೈವ್ ಹೋಗೂದಿದ್ರ ಲ್ಯಾಪ್‌ಟಾಪಿನಾಗ ಬಟ್ ಅಂತ ಒಂದು ಸಣ್ಣ ಪ್ರೋಗ್ರಾಮ್ ಐತಿ, ಅದೂ ಫ್ರೀ, ಮೈಕ್ ಹಚ್ಚಿ ಒಂದು ಬಟನ್ ಒತ್ತಿದ್ರ ಮುಗೀತು.

ಸ್ಪಾಟಿಫೈ ಅಕೌಂಟಿನಿಂದ ಹಾಡು ಹಚ್ಚಿ ರೇಡಿಯೋ ಮಾಡೂದು ಬ್ಯಾಡ, ಅದು ಸ್ವಂತ ಕೇಳಾಕ ಅಷ್ಟ ಅಂತ ಅವರ ಕರಾರಿನಾಗ ಐತಿ. ನಡುವಿನ ಹಿನ್ನೆಲೆ ಸಂಗೀತಕ್ಕ, ಮಾಡಿದವರ ಕರಾರು ಹಾಕಿ ಎಲ್ಲಾರಿಗೂ ಬಳಸಾಕ ಬಿಟ್ಟಿರೂ ಕ್ರಿಯೇಟಿವ್ ಕಾಮನ್ಸ್‌ದು ತಗೋ, ಆದ್ರ ನಾನ್ ಕಮರ್ಷಿಯಲ್ (ವ್ಯಾಪಾರಕ್ಕಲ್ಲ) ಅಂತ ಇದ್ದದ್ದನ್ನ ಮುಂದ ಅಂಗಡಿ ಜಾಹೀರಾತು ಬಂದ ದಿನ ತಗದ ಬಿಡಬೇಕು, ಈಗಿಂದ ಬ್ಯಾರೆ ಫೋಲ್ಡರಿನಾಗ ಹಾಕ್ಕೊಂಡ್ರ ಹುಡುಕೂದು ತಪ್ಪತೈತಿ.

---

ಹಾವೇರಿ_ಏಲಕ್ಕಿ (ಹಾವೇರಿ)

ಸರ್ವರಿಗೆ ಸಾವಿರ ಹೋದ್ರ ಉಳಿದ ಮೂರು ಸಾವಿರ ಕಲಾವಿದರಿಗೆ ಇಡ್ರಿ ತಮ್ಮಾ. ಗದಗಿನಾಗ ವೀರೇಶ್ವರ ಪುಣ್ಯಾಶ್ರಮ ಐತಿ, ಅಲ್ಲಿ ಕಲಿತು ಹೊರಗ ಬಂದ ಹಾಡಾವರು, ತಬಲಾದವರು ನಿಮ್ಮ ಜಿಲ್ಲಾ ತುಂಬ ಅದಾರ, ಎಷ್ಟೋ ಮಂದಿಗೆ ಒಂದು ಚಲೋ ರೆಕಾರ್ಡಿಂಗ್ ಇಲ್ಲ. ತಿಂಗಳಿಗೆ ಇಬ್ಬರದು ಮಾಡಿದ್ರೂ ವರ್ಷದಾಗ ನಿಮ್ಮ ಹತ್ರ ಯಾರೂ ಕಸಗೊಳ್ಳಾಕ ಬರದಂಥ ಹಾಡಿನ ಭಂಡಾರ ಆಕ್ಕೈತಿ. ನಮ್ಮ ಒಪ್ಪಿಗಿ ಪತ್ರದ ನಮೂನೆ ನಿನಗ ಮೆಸೇಜ್‌ನಾಗ ಕಳಿಸೀನಿ, ಅದರಾಗ ವರ್ಷ ಮತ್ತ ಪ್ರದೇಶದ ಸಾಲು ಅಕ್ಕಾರು ಹೇಳಿದಂಗ ಅದಾವು, ಗದಗ ಅಂತ ಊರ ಹೆಸರು ಬದಲ್ಸಿಕೋ. ಮಳಿಗಾಲ ಕಳಿಯೂ ತನಕ ಹಂಚಿನ ಗುಡಿಯಾಗ ರೆಕಾರ್ಡಿಂಗ್ ಇಟ್ಕೋಬ್ಯಾಡ್ರಿ, ಮ್ಯಾಲಿನ ಸಪ್ಪಳ ಮೈಕಿನಾಗ ಬಂದು ಬಿಡ್ತೈತಿ. ಫ್ಯಾನ್ ಬಂದ್ ಮಾಡಿಸ್ರಿ, ಎಲ್ಲಾರ ಫೋನು ಹೊರಗ ಇಡಸ್ರಿ, ಮೊದಲ ಒಂದು ಪದ ಬರೇ ಕೈ ಕಾಯಿಸಾಕ ಅಂತ ಹಾಡಿಸ್ರಿ, ಎರಡನೇದರಿಂದ ಅವರ ದನಿ ಬಿಚ್ಚಿಕೋತೈತಿ.